ಗಾಳದ ರೀಲು: ಎಲ್ಲಿಗೆ ಎಣ್ಣೆ, ಎಲ್ಲಿಗೆ ಗ್ರೀಸು? (ಪ್ರಶ್ನೋತ್ತರ)

ಪ್ರಶ್ನೆ (ಸಕಲೇಶಪುರದ ಸದಸ್ಯರು):
ನಮಸ್ಕಾರ ಸರ್. ನನ್ನದು 3000 ಗಾತ್ರದ ಸ್ಪಿನ್ನಿಂಗ್ ರೀಲು (ಗಾಳದ ಕೋಲಿಗೆ ಸಿಕ್ಕಿಸಿ, ಹಿಡಿ ತಿರುಗಿಸಿ ದಾರ ಸುತ್ತುವ ಯಂತ್ರ). ಗಿಯರ್ ಅನುಪಾತ 5.2:1 ಎಂದು ಅದರ ಮೇಲೆಯೇ ಬರೆದಿದೆ. ಶೆಟ್ಟಿಹಳ್ಳಿಯ ಕಡೆಯ ಹೇಮಾವತಿ ಹಿನ್ನೀರಿನಲ್ಲಿ ಕಾಟ್ಲಾ, ರೋಹುಗಳಿಗೆ ಗಾಳ ಹಾಕಲು ಇದನ್ನೇ ಬಳಸುತ್ತೇನೆ. ಬೇಸಿಗೆಯಲ್ಲಿ ನೀರು ಇಳಿದಿದ್ದಾಗ ದಡದ ಕೆಸರಿಗೆ ರೀಲು ಬಿತ್ತು. ಅಂದಿನಿಂದ ಹಿಡಿ ತಿರುಗಿಸಿದರೆ ಕರಕರ ಸದ್ದು ಬರತೊಡಗಿತು. ಮೋಟಾರು ದುರಸ್ತಿ ಅಂಗಡಿಯೊಂದರಲ್ಲಿ ಪಕ್ಕದ ಮುಚ್ಚಳ ಬಿಚ್ಚಿ, ವಾಹನಗಳಿಗೆ ಹಾಕುವ ಗ್ರೀಸನ್ನು ಒಳಗೆಲ್ಲ ತುಂಬಿ ಕೊಟ್ಟರು. ಸದ್ದು ಸ್ವಲ್ಪ ಅಡಗಿದೆ. ಆದರೆ ಚಳಿಯ ಬೆಳಗಿನಲ್ಲಿ ಹಿಡಿ ಬಹಳ ಬಿಗಿಯಾಗಿ ತಿರುಗುತ್ತದೆ, ಮೀನು ಕಚ್ಚಿದಾಗ ಕೋಲನ್ನು ಜಗ್ಗಿದರೆ ಹಿಡಿ ಒಮ್ಮೊಮ್ಮೆ ಹಿಂದಕ್ಕೆ ಜಾರುತ್ತದೆ. ಗಿಯರ್ ಸವೆದುಹೋಗಿದೆಯೇ? ಮನೆಯಲ್ಲೇ ಸರಿಪಡಿಸಬಹುದೇ?

ಉತ್ತರ (ರೀಲು ದುರಸ್ತಿಗಾರರು, ಹಾಸನ):
ನಮಸ್ಕಾರ. ನೀವು ಹೇಳಿದ ಲಕ್ಷಣಗಳಲ್ಲಿ ಎರಡು ಬೇರೆ ಬೇರೆ ದೋಷಗಳು ಸೇರಿಕೊಂಡಿವೆ. ಕರಕರ ಸದ್ದು ಒಳಗೆ ಸೇರಿದ ಮರಳಿನದು. ಬಿಗಿತ ಮತ್ತು ಜಾರುವಿಕೆ ಗ್ರೀಸಿನವು. ಗಿಯರ್ ಸವೆದಿದೆ ಎಂದು ಈಗಲೇ ತೀರ್ಮಾನಿಸಬೇಕಾಗಿಲ್ಲ.

ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ. ದಾರ ಸುತ್ತಿರುವ ಸ್ಪೂಲನ್ನು ತೆಗೆದಿಟ್ಟು, ರೀಲನ್ನು ಕಿವಿಯ ಹತ್ತಿರ ಹಿಡಿದು, ಹಿಡಿಯನ್ನು ಬಹಳ ನಿಧಾನವಾಗಿ ಸುತ್ತಿಸಿ. ನಿಮ್ಮ ರೀಲಿನ ಅನುಪಾತ 5.2:1 ಆಗಿರುವುದರಿಂದ ಹಿಡಿ ಒಂದು ಸುತ್ತು ಬರುವಷ್ಟರಲ್ಲಿ ರೋಟರ್ (ಸ್ಪೂಲಿನ ಸುತ್ತ ತಿರುಗಿ ದಾರ ಸುತ್ತುವ ಭಾಗ) ಐದು ಸುತ್ತಿಗಿಂತ ತುಸು ಹೆಚ್ಚು ತಿರುಗುತ್ತದೆ. ತೊಡಕು ಹಿಡಿಯ ಸುತ್ತಿಗೆ ಒಮ್ಮೆ ಮಾತ್ರ, ಅದೇ ಜಾಗದಲ್ಲಿ ಕೈಗೆ ತಾಗಿದರೆ ಹಿಡಿಯೊಂದಿಗೆ ತಿರುಗುವ ದೊಡ್ಡ ಗಿಯರನ್ನೋ ಅದರ ಎರಡು ಬದಿಯ ಬೇರಿಂಗುಗಳನ್ನೋ ಅನುಮಾನಿಸಬೇಕು. ಸುತ್ತಿಗೆ ಐದು ಸಲ ತಾಗಿದರೆ ದೋಷ ರೋಟರನ್ನು ತಿರುಗಿಸುವ ಚಿಕ್ಕ ಗಿಯರಿನ, ಅಂದರೆ ಪಿನಿಯನ್ ಗಿಯರಿನ ಕಡೆಗಿದೆ. ಯಾವ ಲೆಕ್ಕಕ್ಕೂ ಸಿಗದೆ ಉದ್ದಕ್ಕೂ ಕರಕರ ಎನ್ನುತ್ತಿದ್ದರೆ ಅದು ಬಹುಮಟ್ಟಿಗೆ ಮರಳು, ಮತ್ತು ಮರಳನ್ನು ತೊಳೆದು ತೆಗೆಯಬಹುದು. ಹಳೆಯ ಗ್ರೀಸಿನ ಮೇಲೆ ಹೊಸ ಗ್ರೀಸು ತುಂಬಿದಾಗ ಸದ್ದು ಅಡಗುವುದು ನಿಜ. ಆದರೆ ಮರಳು ಆ ಗ್ರೀಸಿನೊಳಗೇ ಕುಳಿತು ಹಲ್ಲುಗಳನ್ನು ಅರೆಯುತ್ತಲೇ ಇರುತ್ತದೆ.

ಬಿಚ್ಚುವಾಗ ಬಿಳಿಯ ಬಟ್ಟೆ ಹಾಸಿ, ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಚಿತ್ರ ತೆಗೆದು, ತೆಗೆದ ಕ್ರಮದಲ್ಲೇ ಭಾಗಗಳನ್ನು ಸಾಲಾಗಿ ಇಡಿ. ಸ್ಕ್ರೂಗಳ ಉದ್ದ ಒಂದೇ ಸಮ ಇರುವುದಿಲ್ಲ. ದೊಡ್ಡ ಗಿಯರಿನ ಅಕ್ಷದಲ್ಲಿ ಕಾಗದದಷ್ಟು ತೆಳುವಾದ ಲೋಹದ ಬಿಲ್ಲೆಗಳಿರಬಹುದು. ಇವಕ್ಕೆ ಷಿಮ್ ಎನ್ನುತ್ತಾರೆ. ಗಿಯರ್ ಮತ್ತು ಪಿನಿಯನ್ ಹಲ್ಲುಗಳು ಎಷ್ಟು ಆಳಕ್ಕೆ ಕೂಡಬೇಕು ಎಂಬುದನ್ನು ನಿರ್ಧರಿಸುವುದು ಇವೇ. ಜಿಡ್ಡಿಗೆ ಅಂಟಿಕೊಂಡು ಒರೆಸುವ ಬಟ್ಟೆಯೊಂದಿಗೇ ಹೊರಟುಹೋಗುವುದು ಇವುಗಳ ಸ್ವಭಾವ, ಆದ್ದರಿಂದ ಗ್ರೀಸು ಒರೆಸುವ ಮೊದಲೇ ಬೆರಳಿನಿಂದ ಸವರಿ ಹುಡುಕಿ, ಯಾವ ಬದಿಯಲ್ಲಿ ಎಷ್ಟು ಇದ್ದವು ಎಂದು ಬರೆದಿಡಿ.

ಗಿಯರಿನ ಹಳೆಯ ಗ್ರೀಸನ್ನು ಬಟ್ಟೆಯಿಂದ ಒರೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಪಾತ್ರೆ ತೊಳೆಯುವ ದ್ರವ ಹಚ್ಚಿ ಒಂದೊಂದೇ ಹಲ್ಲಿನ ಸಂದಿಯನ್ನು ಉಜ್ಜಿ, ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಬಳಿಕ ಹಲ್ಲುಗಳನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ: ಹಲ್ಲಿನ ಮೈ ಸಮನಾಗಿ ಹೊಳೆಯುತ್ತಿದ್ದರೆ ಚಿಂತೆಯಿಲ್ಲ, ಅಂಚು ಮುರಿದಿದ್ದರೆ ಅಥವಾ ಗುಳಿ ಬಿದ್ದಿದ್ದರೆ ಗಿಯರ್ ಬದಲಾಯಿಸಬೇಕು, ಯಾವ ಗ್ರೀಸೂ ಅದನ್ನು ಉಳಿಸುವುದಿಲ್ಲ. ಹೊಸ ಗ್ರೀಸನ್ನು ಸಣ್ಣ ಕುಂಚದಿಂದ ಹಲ್ಲುಗಳಿಗೆ ಮಾತ್ರ, ಲೋಹದ ಬಣ್ಣ ಮಸುಕಾಗಿ ಕಾಣುವಷ್ಟು ತೆಳುವಾಗಿ ಬಳಿಯಿರಿ. ಅಂಗಡಿಗಳಲ್ಲಿ ಎಪಿ-3 ಎಂದು ಕೇಳಿ ಕೊಳ್ಳುವ ವಾಹನದ ಗ್ರೀಸು ಇಷ್ಟು ಸಣ್ಣ ಯಂತ್ರಕ್ಕೆ ಗಟ್ಟಿಯಾಯಿತು, ಚಳಿಯಲ್ಲಿ ಇನ್ನಷ್ಟು ಗಟ್ಟಿಯಾಗುತ್ತದೆ. ರೀಲಿಗೆಂದೇ ಬರುವ ಗ್ರೀಸು ಅಥವಾ ಮೃದುವಾದ ಬಿಳಿ ಲಿಥಿಯಂ ಗ್ರೀಸು ಸಾಕು.

ಇನ್ನು ಹಿಡಿ ಹಿಂದಕ್ಕೆ ಜಾರುವ ವಿಷಯ. ರೋಟರಿನ ಕೆಳಗೆ ಒಂದೇ ದಿಕ್ಕಿಗೆ ತಿರುಗಲು ಬಿಡುವ ರೋಲರ್ ಕ್ಲಚ್ ಇದೆ. ಅದರೊಳಗಿನ ಪುಟ್ಟ ಉರುಳೆಗಳು, ಇಳಿಜಾರಿನಲ್ಲಿ ನಿಂತ ಗಾಡಿಯ ಚಕ್ರಕ್ಕೆ ಕಲ್ಲು ಕೊಟ್ಟಂತೆ, ಹಿಂದಕ್ಕೆ ತಿರುಗಲು ಹೊರಟ ಅಕ್ಷವನ್ನು ಸಿಕ್ಕಿಸಿ ನಿಲ್ಲಿಸುತ್ತವೆ. ಉರುಳೆಗಳನ್ನು ತಳ್ಳುವ ಸ್ಪ್ರಿಂಗುಗಳು ತೀರಾ ಮೃದು. ಗಟ್ಟಿ ಗ್ರೀಸು ಹೊಕ್ಕರೆ ಉರುಳೆಗಳು ಸಕಾಲಕ್ಕೆ ಜಾಗಕ್ಕೆ ಬರಲಾರವು. ಕ್ಲಚ್ಚನ್ನು ಬಿಡಿಬಿಡಿಯಾಗಿ ಬಿಚ್ಚದೆ, ಹಾಗೆಯೇ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅಲುಗಾಡಿಸಿ ತೊಳೆದು, ಒಳಗಿನ ನಯವಾದ ಕೊಳವೆಯನ್ನು ಒರೆಸಿ, ಒಣಗಿದ ಮೇಲೆ ತೆಳು ಎಣ್ಣೆಯನ್ನು ಬೆರಳಿಗೆ ತಾಗಿಸಿಕೊಂಡು ಕೊಳವೆಗೆ ಸವರಿದರೆ ಮುಗಿಯಿತು. ದುರಸ್ತಿಗೆ ನನ್ನ ಬಳಿ ಬರುವ ರೀಲುಗಳಲ್ಲಿ ಗ್ರೀಸು ಕಡಿಮೆಯಾಗಿ ಕೆಟ್ಟವುಗಳಿಗಿಂತ ಗ್ರೀಸು ಹೆಚ್ಚಾಗಿ ಕೆಟ್ಟವುಗಳೇ ಜಾಸ್ತಿ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಪ್ರಶ್ನೆ (ಅವರೇ):
ವಿವರವಾಗಿ ಹೇಳಿದಿರಿ, ಧನ್ಯವಾದ ಸರ್. ಬೇರಿಂಗುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯಬಹುದೇ? ತೊಳೆದ ಮೇಲೆ ಹೊಲಿಗೆ ಯಂತ್ರದ ಎಣ್ಣೆ ನಡೆಯುತ್ತದೆಯೇ, ಕೊಬ್ಬರಿ ಎಣ್ಣೆ ಸಾಕೇ?

ಉತ್ತರ:
ಸೀಮೆಎಣ್ಣೆ ಜಿಡ್ಡನ್ನು ಬಿಡಿಸುತ್ತದೆ, ಆದರೆ ತನ್ನದೇ ಪಸೆಯನ್ನು ಉಳಿಸುತ್ತದೆ; ಅದರಲ್ಲಿ ತೊಳೆದರೆ ಕೊನೆಯಲ್ಲೊಮ್ಮೆ ಆಲ್ಕೋಹಾಲಿನಲ್ಲಿ ಜಾಲಿಸಬೇಕು. ಥಿನ್ನರ್ ಮತ್ತು ಅಸಿಟೋನ್ ಪ್ಲಾಸ್ಟಿಕ್ಕನ್ನು ಕರಗಿಸುತ್ತವೆ, ರೀಲಿನ ಹತ್ತಿರಕ್ಕೂ ತರಬೇಡಿ. ಸಣ್ಣ ಗಾಜಿನ ಶೀಶೆಯಲ್ಲಿ ಬೇರಿಂಗು ಹಾಕಿ, ಮುಳುಗುವಷ್ಟು ಆಲ್ಕೋಹಾಲು ಸುರಿದು ಕುಲುಕಿ. ದ್ರವ ಕದಡುವುದು ನಿಲ್ಲುವವರೆಗೆ ಬದಲಾಯಿಸಿ. ಕಿಟಕಿ ತೆರೆದಿರಲಿ, ಬೆಂಕಿ ದೂರವಿರಲಿ. ಒಣಗಿದ ಬೇರಿಂಗನ್ನು ಪೆನ್ಸಿಲಿನ ಮೊನೆಗೆ ಸಿಕ್ಕಿಸಿ ಬೆರಳಿನಿಂದ ಮೆಲ್ಲಗೆ ತಿರುಗಿಸಿ. ಒಣ ಬೇರಿಂಗು ತುಸು ಸದ್ದು ಮಾಡುವುದು ಸಹಜ. ಆದರೆ ಅದು ತಡೆತಡೆದು ತಿರುಗಿದರೆ ಗುಂಡುಗಳ ದಾರಿಯಲ್ಲಿ ತುಕ್ಕು ಕಚ್ಚಿದೆ ಎಂದರ್ಥ. ಆಗ ಒಳವ್ಯಾಸ, ಹೊರವ್ಯಾಸ, ದಪ್ಪ ಈ ಮೂರನ್ನೂ ಮಿಲಿಮೀಟರಿನಲ್ಲಿ ಅಳೆದು, ಉದಾಹರಣೆಗೆ 7×14×5 ಎಂದು ಬೇರಿಂಗು ಅಂಗಡಿಯಲ್ಲಿ ಕೇಳಿದರೆ ಹೊಸದು ತರಿಸಿಕೊಡುತ್ತಾರೆ. ಕಂಪ್ರೆಸರ್ ಗಾಳಿಯಿಂದ ರುಯ್ಯನೆ ತಿರುಗಿಸಿ ಒಣಗಿಸಬೇಡಿ. ಎಣ್ಣೆಯಿಲ್ಲದ ಬೇರಿಂಗು ಆ ವೇಗವನ್ನು ತಾಳುವುದಿಲ್ಲ.

ಹೊಲಿಗೆ ಯಂತ್ರದ ಎಣ್ಣೆ ಧಾರಾಳವಾಗಿ ನಡೆಯುತ್ತದೆ; ಬೇರಿಂಗಿಗೆ ಒಂದು ತೊಟ್ಟು ಸಾಕು. ಕೊಬ್ಬರಿ ಎಣ್ಣೆ ಬೇಡ, ಅದು ಚಳಿಗೆ ಹೆಪ್ಪುಗಟ್ಟುತ್ತದೆ, ದಿನ ಕಳೆದಂತೆ ಅಂಟಾಗುತ್ತದೆ. ದಾರವನ್ನು ಹಿಡಿದು ಸ್ಪೂಲಿಗೆ ಸುತ್ತಿಸುವ ಬೇಲ್ ತಂತಿಯ ತುದಿಯಲ್ಲಿ ದಾರ ಹಾಯುವ ಪುಟ್ಟ ಉರುಳೆಗೂ ಒಂದು ತೊಟ್ಟು ಹಾಕುವುದನ್ನು ಮರೆಯಬೇಡಿ. ಅದು ತಿರುಗದೆ ನಿಂತರೆ ದಾರ ಅದೇ ಜಾಗದಲ್ಲಿ ಉಜ್ಜಿ ಸವೆಯುತ್ತದೆ.

ಪ್ರಶ್ನೆ (ಚಿಕ್ಕಮಗಳೂರಿನ ಸದಸ್ಯರು):
ಸರ್, ತೋಟದ ಕೆರೆಯಲ್ಲಿ ನಾನು ಬೇಟ್‌ಕಾಸ್ಟಿಂಗ್ ರೀಲು (ಎಸೆದಾಗ ಸ್ಪೂಲೇ ತಿರುಗಿ ದಾರ ಬಿಡುವಂಥದ್ದು) ಬಳಸುತ್ತೇನೆ. ಸ್ಪೂಲಿನ ಬೇರಿಂಗುಗಳಿಗೆ ಎಣ್ಣೆ ಹಾಕಿದಾಗಿನಿಂದ ಎಸೆದಾಗಲೆಲ್ಲ ದಾರ ಸಿಕ್ಕುಗಟ್ಟುತ್ತಿದೆ. ಏನು ಕಾರಣ?

ಉತ್ತರ:
ಎರಡು ಕಾರಣಗಳಿರಬಹುದು. ಬೇರಿಂಗು ಹಗುರಾಗಿ, ಗಾಳದ ತೂಕ ಎಳೆಯುವ ವೇಗಕ್ಕಿಂತ ಸ್ಪೂಲು ಮುಂದೋಡುತ್ತಿರಬಹುದು. ಅದಕ್ಕೆ ಬ್ರೇಕನ್ನು ಸ್ವಲ್ಪ ಹೆಚ್ಚಿಸಿಕೊಂಡರೆ ಸಾಕು. ಇಲ್ಲವೇ ಹೆಚ್ಚಾದ ಎಣ್ಣೆ ಸಿಡಿದು ಬ್ರೇಕ್ ಬಳೆಗೆ ತಾಗಿರಬಹುದು. ನಿಮ್ಮದು ಸೆಂಟ್ರಿಫ್ಯೂಗಲ್ ಬ್ರೇಕ್ ಆಗಿದ್ದರೆ, ಅದರ ಪುಟ್ಟ ಗುಂಡಿಗಳು ಆ ಬಳೆಗೆ ಉಜ್ಜಿಯೇ ವೇಗ ತಗ್ಗಿಸಬೇಕು; ಎಣ್ಣೆಯಿದ್ದಲ್ಲಿ ಉಜ್ಜುವುದೆಲ್ಲಿ? ಬಳೆಯನ್ನೂ ಗುಂಡಿಗಳನ್ನೂ ಆಲ್ಕೋಹಾಲು ಹಚ್ಚಿದ ಬಟ್ಟೆಯಿಂದ ಒರೆಸಿ ನೋಡಿ. ಇದೇ ಎಚ್ಚರ ಡ್ರ್ಯಾಗ್ (ಮೀನು ಜಗ್ಗಿದಾಗ ದಾರವನ್ನು ತಡೆತಡೆದು ಬಿಡುವ ವ್ಯವಸ್ಥೆ) ಬಿಲ್ಲೆಗಳಿಗೂ ಬೇಕು: ಅಲ್ಲಿಗೆ ಎಣ್ಣೆ, ಸ್ಪ್ರೇ ಯಾವುದೂ ಬೇಡ, ಬೇಕಿದ್ದರೆ ಡ್ರ್ಯಾಗ್ ಗ್ರೀಸನ್ನು ತೆಳುವಾಗಿ ಸವರಬಹುದು.

ಡೈವಾ ಕಂಪನಿಯ ರೀಲಿನ ಮೇಲೆ ಮ್ಯಾಗ್‌ಸೀಲ್ ಎಂಬ ಗುರುತಿದ್ದರೆ ಆ ಭಾಗಕ್ಕೆ ಏನನ್ನೂ ಹಾಕಬಾರದು. ನೀರು ತಡೆಯಲೆಂದು ಅಲ್ಲಿ ಕಾಂತೀಯ ಎಣ್ಣೆ ತುಂಬಿರುತ್ತಾರೆ, ಬೇರೆ ಎಣ್ಣೆ ಬೆರೆತರೆ ಅದು ಕೆಡುತ್ತದೆ.

ಪ್ರಶ್ನೆ (ಮೂಡಿಗೆರೆಯ ಸದಸ್ಯರು):
ಮಳೆಗಾಲದಲ್ಲಿ ನಮ್ಮಲ್ಲಿ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ಆ ತಿಂಗಳುಗಳಲ್ಲಿ ರೀಲನ್ನು ಹೇಗೆ ಇಡಬೇಕು?

ಉತ್ತರ:
ಡ್ರ್ಯಾಗ್ ಬಿಗಿ ಮಾಡಿ, ಕೆಸರನ್ನು ಒದ್ದೆ ಬಟ್ಟೆಯಿಂದ ಒರೆಸಿ. ಪೈಪಿನ ನೀರನ್ನು ರಭಸವಾಗಿ ಬಿಟ್ಟರೆ ಕೆಸರು ಒಳಕ್ಕೇ ಹೋಗುತ್ತದೆ. ಶಿರಾಡಿ ಇಳಿದು ಕಡಲಿಗೆ ಹೋಗುವವರು ಅದೇ ಸಂಜೆ ಸಿಹಿನೀರನ್ನು ಮೆಲ್ಲಗೆ ಹನಿಸಿ ಉಪ್ಪನ್ನು ತೊಳೆಯಬೇಕು. ಎರಡು ದಿನ ನೆರಳಿನಲ್ಲಿ ಆರಿದ ಮೇಲೆ ಬೇರಿಂಗು, ಉರುಳೆಗಳಿಗೆ ತೊಟ್ಟು ಎಣ್ಣೆ ಹಾಕಿ, ಬಿಲ್ಲೆಗಳು ಒತ್ತಿಕೊಂಡು ಚಪ್ಪಟೆಯಾಗದಂತೆ ಡ್ರ್ಯಾಗ್ ಗುಬುಟನ್ನು ಪೂರ್ತಿ ಸಡಿಲಿಸಿ, ಸಿಲಿಕಾ ಜೆಲ್ ಪೊಟ್ಟಣಗಳಿರುವ ಬಿಗಿಮುಚ್ಚಳದ ಡಬ್ಬಿಯಲ್ಲಿಡಿ. ಪೊಟ್ಟಣಗಳನ್ನು ಆಗಾಗ ಬದಲಾಯಿಸುತ್ತಿರಿ. ಒದ್ದೆ ರೀಲನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿದರೆ ಮಾತ್ರ ಮಳೆಗಾಲ ಮುಗಿಯುವಷ್ಟರಲ್ಲಿ ಬೇರಿಂಗುಗಳು ತುಕ್ಕು ಹಿಡಿದಿರುತ್ತವೆ.