ಆರ್ಗಾನ್ ಹಾಕಿದ್ರ ಒತ್ತಡ ಏರ್ತೈತಿ, ಮತ್ತ ಈಕ್ವಿಲಿಬ್ರಿಯಂ ಯಾಕ ಸರಿಯಂಗಿಲ್ಲ?

ಧಾರವಾಡ_ಪಿಯು:
ನಮಸ್ಕಾರ ರೀ ಎಲ್ಲಾರಿಗೂ. ಸಿಇಟಿಗೆ ಓದಾಕತ್ತೀನಿ, ಒಂದ ಲೆಕ್ಕದಾಗ ಎರಡ ದಿನದಿಂದ ಸಿಕ್ಕೊಂಡೀನಿ. ಮುಚ್ಚಿದ ಪಾತ್ರೆದಾಗ ನೈಟ್ರೋಜನ್, ಹೈಡ್ರೋಜನ್, ಅಮೋನಿಯಾ ಈಕ್ವಿಲಿಬ್ರಿಯಂನಾಗ (ರಿಯಾಕ್ಷನ್ ಎರಡೂ ಕಡೆ ಸಮ ವೇಗದಾಗ ನಡದು ಪ್ರಮಾಣ ಬದಲಾಗದ ಸ್ಥಿತಿ) ಅದಾವ, ವಾಲ್ಯೂಮ್ ಹಂಗ ಇಟ್ಟು ಆರ್ಗಾನ್ ಬಿಟ್ರ ಏನಾಕ್ಕೈತಿ ಅಂತ ಪ್ರಶ್ನೆ. ಒತ್ತಡ ಏರಿದ್ರ ಮೋಲ್ (ಅಣುಗಳ ಎಣಿಕಿ) ಕಡಿಮಿ ಇರೋ ಕಡೆ, ಅಂದ್ರ ಅಮೋನಿಯಾ ಕಡೆ ಸರೀತೈತಿ ಅಂತ ನೋಟ್ಸಿನಾಗ ಬರ್ಕೊಂಡೀನಿ, ಆದ್ರ ಉತ್ತರ ನೋಡಿದ್ರ ಏನೂ ಬದಲಾಗಂಗಿಲ್ಲ ಅಂತೈತಿ. ಮುಂದಿನ ಲೆಕ್ಕದಾಗ ಅದ ಆರ್ಗಾನ್ ಒತ್ತಡ ಬದಲಾಗದಂಗ ಹಾಕಿದ್ರ ಎಡಕ್ಕ, ಅಂದ್ರ ನೈಟ್ರೋಜನ್-ಹೈಡ್ರೋಜನ್ ಕಡೆ, ಸರೀತೈತಿ ಅಂತ! ಬಾಯಿಪಾಠ ಮಾಡೂದ ಬ್ಯಾಡ ಅನಸ್ತೈತಿ, ಯಾರರ ಬಿಡಿಸಿ ಹೇಳ್ರಿ.

ಗದಗ_ಮಾಸ್ತರ:
ತಂಗಿ, ನೋಟ್ಸಿನಾಗ ಬರದದ್ದು ಪಾತ್ರೆ ಅಮುಕಿ ಸಣ್ಣದು ಮಾಡಿದಾಗಿನ ಮಾತು. ಇಲ್ಲಿ ಯಾರೂ ಅಮುಕಿಲ್ಲ. ಡಾಲ್ಟನ್ ಅನ್ನೋ ವಿಜ್ಞಾನಿ 1801ರಾಗ ಹೇಳಿದ್ದ ಇದು, ಒಂದೊಂದು ಅನಿಲ ಆ ಪಾತ್ರೆದಾಗ ತಾನೊಂದ ಇದ್ರ ಎಷ್ಟು ಒತ್ತಡ ಕೊಡ್ತಿತ್ತೋ ಕೂಡಿ ಇದ್ದಾಗೂ ಅಷ್ಟ ಕೊಡ್ತೈತಿ, ಅದ ಅದರ ಆಂಶಿಕ ಒತ್ತಡ, ಎಲ್ಲಾ ಕೂಡಿಸಿದ್ರ ಒಟ್ಟು.

ಲೆಕ್ಕ ಹಾಕಿ ನೋಡು. 10 ಲೀಟರ್ ಪಾತ್ರೆ, 300 ಕೆಲ್ವಿನ್, ಒಳಗ ಆಕ್ಸಿಜನ್ 1 ಮೋಲ್, ನೈಟ್ರೋಜನ್ 1 ಮೋಲ್. ಒಂದೊಂದರ ಪಾಲು 2.46 ಅಟ್ಮಾಸ್ಫಿಯರ್, ಒಟ್ಟು 4.92. ಈಗ 2 ಮೋಲ್ ಆರ್ಗಾನ್ ತುಂಬು. ಒಟ್ಟು ದುಪ್ಪಟ್ಟಾಗಿ 9.85ರ ಹತ್ರ ಹೋತು, ಆದ್ರ ಆಕ್ಸಿಜನ್‌ನ ಮೋಲ್ ಫ್ರಾಕ್ಷನ್ (ಒಟ್ಟು ಮೋಲಿನಾಗ ಅದರ ಪಾಲು) ಅರ್ಧದಿಂದ ಕಾಲಿಗೆ ಇಳೀತು. ಗುಣಿಸು, ಮತ್ತ 2.46 ಬರ್ತೈತಿ. ಆರ್ಗಾನ್ ಬಂದದ್ದು ಆಕ್ಸಿಜನ್‌ಗೆ ಗೊತ್ತ ಆಗಿಲ್ಲ ನೋಡು. ಈಕ್ವಿಲಿಬ್ರಿಯಂ ಕೇಳೂದು ಈ ಆಂಶಿಕ ಒತ್ತಡಾನ, ಒಟ್ಟು ಎಷ್ಟಂತ ಅಲ್ಲ.

ಹಾವೇರಿ_ಲ್ಯಾಬ್:
ಮಾಸ್ತರ್ ಹೇಳಿದ್ದು ಖರೇನ. ನಾ ಇದನ್ನ ಹುಡುಗರಿಗೆ ಅರಿವಿ ಒಣಗಸೂದರ ಮ್ಯಾಲ ಹೇಳ್ತೀನಿ. ಏಪ್ರಿಲ್ದಾಗ ಹಾಕಿದ ಅರಿವಿ ತಾಸಿನಾಗ ಒಣಗ್ತಾವ, ಆಷಾಢದಾಗ ಎರಡ ದಿನ ಆದ್ರೂ ಹಸಿ ವಾಸನಿ. ನೈಟ್ರೋಜನ್, ಆಕ್ಸಿಜನ್ ಎರಡೂ ಕಾಲಕ್ಕ ಹೆಚ್ಚೂಕಡಿಮಿ ಅಷ್ಟ ಇರ್ತಾವ, ಅರಿವಿ ಕೇಳೂದು ನೀರಾವಿದ್ದೊಂದ ಒತ್ತಡ. 25 ಡಿಗ್ರಿಗೆ ನೀರಾವಿ 23.8 ಮಿಲಿಮೀಟರ್ ಪಾದರಸದ ತನಕಾ ಏರಬಹುದು, ಗಾಳ್ಯಾಗ ಆಗಲೇ ಅಷ್ಟಿದ್ರ ಒಣಗೂದಾರ ಹೆಂಗ?

ಇನ್ನೊಂದು, ಪ್ರಾಕ್ಟಿಕಲ್‌ನಾಗ ಅನಿಲಾನ ನೀರಿನ ಮ್ಯಾಲ ಹಿಡದಾಗ ನೀರಾವಿ ಪಾಲು ಕಳೀಬೇಕು, ಎಲ್ಲಾರೂ ಮರೀತಾರ. ಅದಕ್ಕೂ ಮೊದಲ ಗಾಳಿ ಒತ್ತಡ 760 ಮಿಲಿಮೀಟರ್ ಅಂತ ಕಣ್ಣ ಮುಚ್ಚಿ ಬರಿಯೂದು ಬಿಡ್ರಿ, ಅದು ಸಮುದ್ರ ಮಟ್ಟದ್ದು. ಧಾರವಾಡ ಸುಮಾರು 750 ಮೀಟರ್ ಎತ್ತರ, ಬ್ಯಾರೋಮೀಟರ್ 700ರ ಆಸುಪಾಸು ತೋರಸ್ತೈತಿ. 27 ಡಿಗ್ರಿಗೆ ನೀರಾವಿ 27ರ ಹತ್ರ, ಅಂದ್ರ ಒಣ ಅನಿಲದ ಪಾಲು 673. ಇದನ್ನ ತಪ್ಪಿದ್ರ ಮೋಲ್ ಲೆಕ್ಕ ಪೂರಾ ಹಾಳಾಕ್ಕೈತಿ, ನಂಗ ಬಾಳ ಬ್ಯಾಸರಾಗೂದು ಇದಕ್ಕ.

ಧಾರವಾಡ_ಪಿಯು:
ಹೊಳೀತ್ರಿ ಸರ್! ಹಂಗಾರ ಎರಡನೇ ಲೆಕ್ಕ ನಾನ ಮಾಡಿ ನೋಡ್ತೀನಿ, ತಪ್ಪಿದ್ರ ಹೇಳ್ರಿ. ಒತ್ತಡ ಬದಲಾಗದಂಗ ಆರ್ಗಾನ್ ಹಾಕಬೇಕಂದ್ರ ಪಾತ್ರೆ ಹಿಗ್ಗಬೇಕು, ದುಪ್ಪಟ್ಟು ಆತು ಅಂತ ಇಟ್ಕೊಂಡೆ, ಆಗ ಮೂರರದ್ದೂ ಆಂಶಿಕ ಒತ್ತಡ ಅರ್ಧ. ಒಂದು ನೈಟ್ರೋಜನ್, ಮೂರು ಹೈಡ್ರೋಜನ್ ಕೂಡಿ ಎರಡು ಅಮೋನಿಯಾ ಆಗೂದ್ರಿಂದ, ಆಂಶಿಕ ಒತ್ತಡಗಳ ಭಾಗಲಬ್ಧ ಕ್ಯೂದಾಗ ಮ್ಯಾಲ ಅಮೋನಿಯಾದ ವರ್ಗ, ಅದು ಕಾಲಾತು. ಕೆಳಗ ನೈಟ್ರೋಜನ್ ಅರ್ಧ, ಹೈಡ್ರೋಜನ್‌ನ ಘನ ಎಂಟನೇ ಒಂದು, ಕೂಡಿ ಹದಿನಾರನೇ ಒಂದು. ಕ್ಯೂ ನಾಕ ಪಟ್ಟು ಆತು, ಕೆಪಿಗಿಂತ (ಈಕ್ವಿಲಿಬ್ರಿಯಂನಾಗ ಕ್ಯೂ ಇರಬೇಕಾದ ಬೆಲೆ) ದೊಡ್ಡದು, ಅದಕ್ಕ ಎಡಕ್ಕ ಸರೀತೈತಿ. ಹೌದಲ್ರಿ?

ಗದಗ_ಮಾಸ್ತರ:
ಹೌದವ್ವಾ, ಸರಿಯಾಗಿ ಮಾಡೀದಿ, ಭಾಳ ಖುಷಿ ಆತು. ಒಂದ ಮಾತು ನೆನಪಿಡು, ಇದೆಲ್ಲಾ ಆದರ್ಶ ಅನಿಲ (ಅಣುಗೋಳು ಜಾಗ ಹಿಡಿಯಂಗಿಲ್ಲ, ಒಂದನ್ನೊಂದು ಎಳೆಯಂಗಿಲ್ಲ) ಅಂತ ಹಿಡದು ಮಾಡಿದ್ದು. ಅಮೋನಿಯಾ ಕಾರ್ಖಾನಿದಾಗ 200 ಅಟ್ಮಾಸ್ಫಿಯರ್‌ಗೆ ಅಣುಗೋಳು ಒಂದಕ್ಕೊಂದು ಭಾಳ ಹತ್ರ ಬಂದಿರ್ತಾವ, ಅಲ್ಲಿ ಡಾಲ್ಟನ್ ಲೆಕ್ಕ ಅಷ್ಟು ನಿಖರ ಕೂಡಂಗಿಲ್ಲ. ಮತ್ತ ಅಮೋನಿಯಾಕ್ಕ ಹೈಡ್ರೋಜನ್ ಕ್ಲೋರೈಡ್ ಕೂಡಿಸಿದ್ರ ಬಿಳೀ ಪುಡಿ ಆಗಿ ಕೂತುಬಿಡ್ತೈತಿ, ಹಂಗ ರಿಯಾಕ್ಷನ್ ಆಗೋ ಅನಿಲದ ಒತ್ತಡ ಸುಮ್ನ ಕೂಡಸಾಕ ಹೋಗಬ್ಯಾಡ, ಸಿಇಟಿದಾಗ ಇದನ್ನ ಆಪ್ಷನ್ ಮಾಡಿ ಕೇಳೂದು ರೂಢಿ ಐತಿ.