ರಿಕವರಿ 31

ಪ್ರಶಾಂತ ಆವತ್ತು ಕುರ್ಚಿಯಲ್ಲಿ ಕೂತದ್ದನ್ನು ನೀವು ನೋಡಬೇಕಿತ್ತು. ಒಂದು ಕೈ ಮೇಜಿನ ಮೇಲೆ, ಇನ್ನೊಂದು ಗೋಡೆಗೆ. ಹಲ್ಲು ಕಚ್ಚಿಕೊಂಡು, ಹಿಂದೆ ಕುರ್ಚಿ ಉಂಟೋ ಇಲ್ಲವೋ ಅಂತ ಅಂದಾಜಿನಲ್ಲೇ ಇಳಿಯುತ್ತಿದ್ದ. ಸರ್ವಿಸ್ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ರಿವರ್ಸ್ ತೆಗೆದ ಹಾಗೆ.

"ಬರ್ಲಿ... ಬರ್ಲಿ... ಇನ್ನೂ ಬರ್ಲಿ..." ಅಂತ ಪೀಟಿ ಮಾಸ್ಟ್ರು ಮೇಜಿಗೆ ತಟ್ಟಲು ಶುರು ಮಾಡಿದರು. ಅವನ ಸೊಂಟ ಕುರ್ಚಿಗೆ ತಾಗಿದ ಕೂಡಲೇ, "ಹೋಲ್ಡಾನ್!"

"ಮೊನ್ನೆ ಜಿಮ್ಮಿನಲ್ಲಿ ಲೆಗ್ ಡೇ ಆಗಿತ್ತು ಮಾಸ್ಟ್ರೆ," ಅಂದ ಪ್ರಶಾಂತ ಉಸಿರು ಬಿಟ್ಟು.

"ನಮಗೆ ದಿನಾ ಲೆಗ್ ಡೇ," ಅಂದರು ಕಾಮತ್ರು. "ಬೆಳಿಗ್ಗೆ ಏಳಕ್ಕೆ ಅಂಗಡಿಯಲ್ಲಿ ನಿಂತರೆ ರಾತ್ರಿ ಎಂಟೂವರೆವರೆಗೆ."

ಉಡುಪಿಯ ಅಜ್ಜರಕಾಡು ಮೈದಾನದ ಹತ್ತಿರ ವಸಂತಣ್ಣನ ಹೋಟೆಲು. ಶನಿವಾರ ಸಂಜೆ ನಾಲ್ಕು ಜನ ಸೇರಿದರೆ ಗೋಳಿಬಜೆ ಎರಡು ಪ್ಲೇಟು, ಚಾ ಮೂರು, ಪ್ರಶಾಂತನಿಗೆ ಬಿಸಿನೀರು. ಎಂಟು ತಿಂಗಳ ಹಿಂದೆ ಅವನೂ ಚಾ ಕುಡಿಯುತ್ತಿದ್ದ ಮನುಷ್ಯನೇ. ಜಿಮ್ಮಿಗೆ ಸೇರಿದ ಮೇಲೆ ಬ್ಯಾಗಿನಲ್ಲಿ ಒಂದು ಡಬ್ಬಿ ಬಂತು, ಅದರೊಳಗೆ ಪೌಡರು ಬಂತು, ಕೈಗೆ ವಾಚು ಬಂತು, ಬೆರಳಿಗೆ ನಿದ್ದೆ ಅಳೆಯುವ ಉಂಗುರ ಬಂತು. ಉಂಗುರ ನೋಡಿ ಕಾಮತ್ರು ಯಾವ ಜ್ಯೋತಿಷಿ ಹೇಳಿದ್ದು ಅಂತ ಕೇಳಿದ್ದರು. ಒಂದು ಲೆಕ್ಕದಲ್ಲಿ ತಪ್ಪೇನೂ ಅಲ್ಲ.

ಅಷ್ಟರಲ್ಲಿ ಅವನ ಫೋನ್ ಬಂತು. ಹೆಂಡತಿ. ಸ್ಪೀಕರ್ ಬೇಕಿರಲಿಲ್ಲ, ನಮಗೆಲ್ಲ ಕೇಳುತ್ತಿತ್ತು. ಗ್ಯಾಸಿನವ ಸಿಲಿಂಡರನ್ನು ಕೆಳಗೆ ಗೇಟಿನ ಹತ್ತಿರ ಇಟ್ಟು ಹೋಗಿದ್ದಾನೆ, ಲಿಫ್ಟು ಕೆಟ್ಟಿದೆ, ಬೇಗ ಬಂದು ಎರಡನೇ ಮಾಳಿಗೆಗೆ ತನ್ನಿ.

"ಇವತ್ತು ಆಗುವುದಿಲ್ಲ ಮಾರಾಯ್ತಿ," ಅಂದ ಪ್ರಶಾಂತ, ದೇಹ ಎಷ್ಟು ಸುಧಾರಿಸಿದೆ ಅಂತ ನೂರಕ್ಕೆ ಮಾರ್ಕು ಕೊಡುವ ವಾಚು ನೋಡಿ. "ರಿಕವರಿ 31 ತೋರಿಸ್ತಾ ಉಂಟು. ಕೆಂಪು."

ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಕಟ್.

"ಎಷ್ಟು ಎತ್ತುತ್ತೀಯ ನೀನು ಜಿಮ್ಮಲ್ಲಿ?" ಮಾಸ್ಟ್ರು ಕೇಳಿದರು.

"ಡೆಡ್‌ಲಿಫ್ಟಾ? ನೂರು."

"ಸಿಲಿಂಡರಿಗೆ ಗ್ಯಾಸು 14.2 ಕೆಜಿ. ಕಬ್ಬಿಣ ಸೇರಿದರೆ ಮೂವತ್ತರ ಹತ್ತಿರ. ನೂರು ಕೆಜಿ ನೆಲದಿಂದ ಎತ್ತಿ ವಾಪಸ್ ಅದೇ ನೆಲಕ್ಕೆ ಇಡಲಿಕ್ಕೆ ತಿಂಗಳು ತಿಂಗಳು ದುಡ್ಡು ಕೊಡ್ತೀಯ. ಮೂವತ್ತು ಕೆಜಿ ಎತ್ತಿ ಅಡುಗೆ ಮನೆಯಲ್ಲಿಟ್ಟರೆ ಪುಕ್ಕಟೆ ಚಾ ಸಿಗ್ತದೆ. ಅದಕ್ಕೆ ಮಾತ್ರ ರಿಕವರಿ ಇಲ್ಲ, ಅಲ್ವಾ?"

"ನಿಮಗೆ ಗೊತ್ತಾಗುವುದಿಲ್ಲ ಮಾಸ್ಟ್ರೆ. ಇದು ಸೈನ್ಸು. ಎರಡು ಎದೆಬಡಿತದ ನಡುವೆ ಎಷ್ಟು ವ್ಯತ್ಯಾಸ ಉಂಟು ಅಂತ ವಾಚು ರಾತ್ರಿಯಿಡೀ ಅಳೆಯುತ್ತದೆ. ದೇಹ ಸುಸ್ತಾದರೆ ಆ ವ್ಯತ್ಯಾಸ ಕಮ್ಮಿ ಆಗ್ತದೆ."

"ಅದು ಸರಿಯೇ," ಅಂದರು ಮಾಸ್ಟ್ರು. ನನಗೆ ಆಶ್ಚರ್ಯವಾಯಿತು. "ವ್ಯತ್ಯಾಸ ಇರುವುದು ಒಳ್ಳೆಯದೇ. ಆದರೆ ನಿನ್ನೆ ರಾತ್ರಿ ಒಂದೂವರೆವರೆಗೆ ಯಕ್ಷಗಾನ ಆಟ ನೋಡ್ತಾ ಕೂತದ್ದು ಯಾರು? ನಿನ್ನ ವಾಚು ಮಹಿಷಾಸುರನ ಪ್ರವೇಶವನ್ನೂ ಸೇರಿಸಿಯೇ 31 ಕೊಟ್ಟದ್ದು. ನಿದ್ದೆಗೆಟ್ಟರೆ ಸುಸ್ತಾಗ್ತದೆ ಅಂತ ಹೇಳಲಿಕ್ಕೆ ನಿನ್ನ ಅಮ್ಮನಿಗೆ ಚಾರ್ಜ್ ಮಾಡಬೇಕಾಗಿರಲಿಲ್ಲ."

ಕಾಮತ್ರು ಜೋರಾಗಿ ನಕ್ಕು, ಗಲ್ಲಾಪೆಟ್ಟಿಗೆ ಪಕ್ಕ ಇದ್ದ ಕಪ್ಪಿಗೆ ಕೈಹಾಕಿ ಒಂದು ಚಿಟಿಕೆ ಸೋಂಪು ಬಾಯಿಗೆ ಹಾಕಿಕೊಂಡರು. ಅದು ಹಳೇ ಟ್ರೋಫಿ. ಒಂದು ಹಿಡಿ ಮುರಿದಿದೆ, ಬೆಳ್ಳಿ ಬಣ್ಣ ಹೋಗಿ ಹಿತ್ತಾಳೆ ಕಾಣುತ್ತದೆ. ವರ್ಷಗಳಿಂದ ಅದರಲ್ಲಿ ಸೋಂಪು.

ಪ್ರಶಾಂತ ಸೋಲುವವನಲ್ಲ. ತೊಡೆ ನೀವುತ್ತಾ, "ನಿದ್ದೆಯಿಂದ ಅಲ್ಲ ಮಾಸ್ಟ್ರೆ. ಲ್ಯಾಕ್ಟಿಕ್ ಆಸಿಡ್ ಕೂತಿದೆ," ಅಂದ.

"ಅದು ಕೂರುವ ಜನವಲ್ಲ. ಎತ್ತಿ ಮುಗಿಸಿದ ಮೇಲೆ ಒಂದು ಗಂಟೆ ಆಚೀಚೆ, ರಕ್ತದಿಂದ ಖಾಲಿ. ನಿನಗೆ ಎರಡನೇ ದಿನ ನೋಯುತ್ತಾ ಇರುವುದು ಸ್ನಾಯುವಿನ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟು ಬಿದ್ದು, ಅದನ್ನು ದೇಹ ರಿಪೇರಿ ಮಾಡ್ತಾ ಇರುವುದರಿಂದ. ಅದೂ ಭಾರ ಎತ್ತುವಾಗಿನದ್ದಲ್ಲ, ಇಳಿಸುವಾಗಿನದ್ದು ಜಾಸ್ತಿ. ಕೊಡಚಾದ್ರಿಗೆ ಹೋಗಿ ಬಂದ ಮರುದಿನ ತೊಡೆ ಹಿಡಿದುಕೊಳ್ಳುವುದು ಹತ್ತಿದ್ದಕ್ಕೋ, ಇಳಿದದ್ದಕ್ಕೋ?"

"ಇಳಿದದ್ದಕ್ಕೆ," ಅಂದೆ ನಾನು. ಕಳೆದ ವರ್ಷ ಮೂರು ದಿನ ಮನೆಯ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದವನು ನಾನು.

ಈ ಮಾತಿಗೆ ಪ್ರಶಾಂತ ಐಸಿನ ವಿಷಯ ತೆಗೆದ. ತೆಗೆಯಬಾರದಿತ್ತು.

ಅವನು ಒಂದು ನೀಲಿ ಡ್ರಮ್ಮು ತಂದಿದ್ದಾನೆ. ಮನೆಯ ಬಾಲ್ಕನಿಯಲ್ಲಿ ಇಟ್ಟಿದ್ದಾನೆ. ಜಿಮ್ಮಿನಿಂದ ಬರುವಾಗ ಮಲ್ಪೆಗೆ ಹೋಗಿ ಐಸ್ ಪ್ಲಾಂಟಿನಲ್ಲಿ ಪುಡಿ ಐಸು ಒಂದು ಗೋಣಿ ತಂದು ಸುರಿದು, ಹತ್ತು ನಿಮಿಷ ಅದರಲ್ಲಿ ಕುತ್ತಿಗೆವರೆಗೆ ಕೂರುತ್ತಾನೆ. ಎದುರಿನ ಫ್ಲ್ಯಾಟಿನ ಅಜ್ಜಿ ಮೊದಲ ದಿನ ನೋಡಿ ವಾಚ್‌ಮನ್ನನನ್ನು ಕಳಿಸಿದ್ದರಂತೆ.

"ಬೋಟಿನವರು ತೆಗೊಂಡು ಹೋಗುವ ಐಸಾ?" ಕಾಮತ್ರ ಕಣ್ಣು ದೊಡ್ಡದಾಯಿತು. "ಬಂಗುಡೆಗೆ ಹಾಕುವುದು?"

"ಅದೇ ಐಸು. ಎಲ್ಲ ದೊಡ್ಡ ದೊಡ್ಡ ಆಟಗಾರರು ಕೂತ್ಕೊಳ್ತಾರೆ. ಮಸಲ್ಸ್ ಬೆಳೀಲಿಕ್ಕೆ."

ಮಾಸ್ಟ್ರು ಚಾದ ಲೋಟ ಕೆಳಗಿಟ್ಟರು. "ಪ್ರಶಾಂತ, ಬಂಗುಡೆಯನ್ನು ಐಸಿಗೆ ಹಾಕುವುದು ಅದು ಕೆಡಬಾರದು ಅಂತ. ಅದು ಬೆಳೆಯಲಿ ಅಂತ ಇವತ್ತಿನವರೆಗೆ ಯಾರೂ ಹಾಕಿಲ್ಲ."

ನಾವು ನಗು ನಿಲ್ಲಿಸುವವರೆಗೆ ಅವರು ಕಾದರು. ಆಮೇಲೆ ಪೀಟಿ ಪೀರಿಯಡ್ಡಿನ ಸ್ವರದಲ್ಲೇ ಹೇಳಿದರು. ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ, 2015ರಲ್ಲಿ ಅದು ಅಚ್ಚಾಗಿದೆ. ಎರಡು ಗುಂಪು. ಎರಡಕ್ಕೂ ಹನ್ನೆರಡು ವಾರ ಭಾರ ಎತ್ತಿಸಿದರು. ಒಂದು ಗುಂಪು ಪ್ರತಿ ಸಲ ಎತ್ತಿದ ಮೇಲೆ 10 ಡಿಗ್ರಿ ನೀರಲ್ಲಿ ಹತ್ತು ನಿಮಿಷ ಕೂತಿತು, ಇನ್ನೊಂದು ಸುಮ್ನೆ ಹಗುರವಾಗಿ ಸೈಕಲ್ ತುಳಿಯಿತು. ಕೊನೆಗೆ ಸ್ನಾಯು ಜಾಸ್ತಿ ಬೆಳೆದದ್ದು ಸೈಕಲಿನವರದ್ದು. ಪೆಟ್ಟು ಬಿದ್ದ ಕೂಡಲೇ ದೇಹ ರಿಪೇರಿಗೆ ಹೊರಟಿರುತ್ತದೆ, ನೀನು ಹೋಗಿ ಅದರ ಮೇಲೆ ಐಸು ಸುರಿಯುತ್ತೀಯ. ಇವತ್ತು ಮ್ಯಾಚು, ನಾಳೆ ಪುನಃ ಮ್ಯಾಚು ಅಂತ ಇರುವವರಿಗೆ ನೋವು ಸ್ವಲ್ಪ ಇಳಿಯಲಿಕ್ಕೆ ಅದು ಆದೀತು. "ನಿನಗೆ ನಾಳೆ ಯಾವ ಮ್ಯಾಚು? ಬ್ಯಾಂಕಿಗೆ ರಜೆ."

"ಹಾಗಾದರೆ ಉಳುಕಿದರೆ ಐಸ್ ಇಡು ಅಂತ ಎಲ್ಲರೂ ಹೇಳುವುದು? ರೈಸ್ ಅಂತ ರೂಲೇ ಉಂಟಲ್ಲ?" ಪ್ರಶಾಂತ ಬಿಡಲಿಲ್ಲ.

"ಬೆಳ್ತಿಗೆ ಅಕ್ಕಿಯಾ, ಕುಚ್ಚಲಾ?" ಕಾಮತ್ರಿಗೆ ಅಂಗಡಿ ನೆನಪಾಯಿತು.

"ರೆಸ್ಟ್, ಐಸ್, ಕಂಪ್ರೆಷನ್, ಎಲಿವೇಷನ್. ನಾಲ್ಕರ ಮೊದಲಕ್ಷರ ಕಾಮತ್ರೆ," ಅಂದರು ಮಾಸ್ಟ್ರು. "ಗೇಬ್ ಮರ್ಕಿನ್ ಅಂತ ಅಮೆರಿಕದ ಡಾಕ್ಟರು 1978ರಲ್ಲಿ ಹೇಳಿದ್ದು. ನಾನು ಪೂರ್ತಿ ಸರ್ವಿಸು ಮಕ್ಕಳಿಗೆ ಅದನ್ನೇ ಕಲಿಸಿದೆ. ಮತ್ತೆ ಅವರೇ ಐಸಿನಿಂದ ಗುಣವಾಗುವುದು ತಡವಾದೀತು ಅಂತ ಹೇಳಿದರು. ಅಷ್ಟೊತ್ತಿಗೆ ನನಗೆ ರಿಟೈರ್ ಆಗಿತ್ತು. ಯಾರಿಗೆ ಹೋಗಿ ಹೇಳುವುದು? ನಿಮ್ಮ ಕುಚ್ಚಲಕ್ಕಿ ಗಂಜಿಯೇ ಮೇಲು, ಅದು ಮಾತು ಬದಲಿಸಿಲ್ಲ."

ಗಂಜಿಯಿಂದ ಮಾತು ಮೀನಿಗೆ ಹೋಯಿತು. ಉಡುಪಿಯಲ್ಲಿ ಯಾವ ಮಾತು ಹೋಗುವುದಿಲ್ಲ ಹೇಳಿ. ಭಾರ ಎತ್ತುವವನಿಗೆ ದೇಹದ ತೂಕದ ಕೆಜಿಗೆ ದಿನಕ್ಕೆ 1.6 ಗ್ರಾಂ ಪ್ರೊಟೀನ್ ಸಾಕಂತೆ, ಎಪ್ಪತ್ತು ಕೆಜಿಯ ಪ್ರಶಾಂತನಿಗೆ 112 ಗ್ರಾಂ. ಒಂದು ಮೊಟ್ಟೆಯಲ್ಲಿ ಆರು. ಉಳಿದದ್ದಕ್ಕೆ ಬೂತಾಯಿ ಇಲ್ಲವೇ, ಹುರುಳಿ ಇಲ್ಲವೇ ಅಂತ ಮಾಸ್ಟ್ರು. ಬೂತಾಯಿಗೆ ಚಾಕೊಲೇಟ್ ಫ್ಲೇವರ್ ಇಲ್ಲ ಅಂತ ನಾನು. ಹುರುಳಿ ಅಂದದ್ದೇ ತಡ ಕಾಮತ್ರು ಕಂಬಳದ ಕೋಣ ಹಿಡಿದರು. ಅವರ ಭಾವನ ಮನೆಯಲ್ಲಿ ಒಂದು ಜೋಡಿ ಇತ್ತು.

"ರಿಕವರಿ ಅಂದರೆ ಕೋಣದ್ದು ಮಾರಾಯ್ರೆ! ಬೇಯಿಸಿದ ಹುರುಳಿ, ಎಣ್ಣೆ ಹಚ್ಚಿ ನೀವುವುದು, ಈಜಲಿಕ್ಕೆ ಬೇರೆ ಕೆರೆ, ಮಲಗಲಿಕ್ಕೆ ಫ್ಯಾನು. ಕಂಬಳ ಮುಗಿದರೆ ಮಳೆಗಾಲವಿಡೀ ಒಬ್ಬರೂ ಅದಕ್ಕೆ ನೊಗ ತೋರಿಸುವುದಿಲ್ಲ."

"ಅಷ್ಟೆಲ್ಲ ಆದರೂ ಅದು ಹಟ್ಟಿಯಿಂದ ಎದ್ದು ಬಂದು ತನ್ನ ರಿಕವರಿ ಎಷ್ಟು ಅಂತ ಯಾರಿಗೂ ಹೇಳುವುದಿಲ್ಲ," ಅಂದರು ಮಾಸ್ಟ್ರು. "ಅದಕ್ಕೇ ಕೋಣವನ್ನು ಕಂಡರೆ ನನಗೆ ಗೌರವ."

ಆಮೇಲೆ ಅವರೇ ಸ್ವಲ್ಪ ಮೆತ್ತಗಾದರು. ಎತ್ತುವಾಗ ಸ್ನಾಯು ಬೆಳೆಯುವುದಿಲ್ಲ, ಪೆಟ್ಟು ತಿನ್ನುವುದು. ಬೆಳೆಯುವುದು ಆಮೇಲಿನ ಒಂದೆರಡು ದಿನ, ತಿಂದು ಮಲಗಿದಾಗ. ಇದು ನಮ್ಮ ಊರಿಗೆ ಹೊಸದಲ್ಲ ಅಂದರು. ತುಳುವರ ಬೇಸ್ಯ ತಿಂಗಳ ಹತ್ತಕ್ಕೆ ಪತ್ತನಾಜೆ. ಅಲ್ಲಿಗೆ ಭೂತಕೋಲ ನಿಂತಿತು, ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಿದರು. ಜೂನ್ ಒಂದರಿಂದ ಜುಲೈ ಕೊನೆವರೆಗೆ, 61 ದಿನ, ದೊಡ್ಡ ಬೋಟುಗಳು ನೀರಿಗಿಳಿಯುವ ಹಾಗಿಲ್ಲ. ಸಮುದ್ರಕ್ಕೇ 61 ದಿನ ರಿಕವರಿ.

"ಗೆಜ್ಜೆ ಬಿಚ್ಚಿದವರು ಈಗ ಮಳೆಗಾಲದ ತಿರುಗಾಟ ಅಂತ ಮುಂಬೈಗೆ ಹೋಗ್ತಾರೆ," ಅಂದೆ.

"ಹೊಟ್ಟೆಗೆ ಪತ್ತನಾಜೆ ಇಲ್ಲವಲ್ಲ," ಅಂದರು ಮಾಸ್ಟ್ರು.

ಪ್ರಶಾಂತನ ಫೋನ್ ಪುನಃ ಬಡಿದುಕೊಂಡಿತು. ಅವನು ಅದನ್ನು ಮಗುಚಿಟ್ಟು, ನಿದ್ದೆಯ ಮಾತು ತೆಗೆದ. ಉಂಗುರ ನಿದ್ದೆಗೂ ನೂರಕ್ಕೆ ಇಷ್ಟು ಅಂತ ಮಾರ್ಕು ಕೊಡುತ್ತದಂತೆ. ಮಾಸ್ಟ್ರು ಇದಕ್ಕೆ ತಲೆಯಾಡಿಸಿದರು. ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಬಾಸ್ಕೆಟ್‌ಬಾಲ್ ಹುಡುಗರನ್ನು ಕೆಲವು ವಾರ ದಿನಕ್ಕೆ ಹತ್ತು ಗಂಟೆ ಹಾಸಿಗೆಯಲ್ಲಿರಿ ಅಂತ ಮಲಗಿಸಿದರು, ಓಟ ಚುರುಕಾಯಿತು, ಬುಟ್ಟಿಗೆ ಬೀಳುವ ಚೆಂಡು ಜಾಸ್ತಿಯಾಯಿತು. 2011ರ ಲೆಕ್ಕ ಅದು. ನಿದ್ದೆಯಷ್ಟು ದೊಡ್ಡ ಮದ್ದು ಬೇರೆ ಇಲ್ಲ, ಅದೂ ಧರ್ಮಕ್ಕೆ ಸಿಗುವುದು.

"ಅದೇ ಕಷ್ಟ ಮಾಸ್ಟ್ರೆ," ಪ್ರಶಾಂತನ ಸ್ವರ ಇಳಿಯಿತು. "ರಾತ್ರಿ ಮೂರು ಗಂಟೆಗೆ ಎಚ್ಚರ ಆಗ್ತದೆ."

"ಯಾಕೆ?"

"ಎಷ್ಟು ಮಾರ್ಕು ಆಯ್ತು ಅಂತ ನೋಡಲಿಕ್ಕೆ."

ಕಾಮತ್ರ ಮೂಗಿಗೆ ಚಾ ಹೋಯಿತು. ಮಾಸ್ಟ್ರು ಮಾತ್ರ ನಗಲಿಲ್ಲ. ಇದು ನಿನ್ನೊಬ್ಬನ ಕಾಯಿಲೆಯಲ್ಲ, ನಿದ್ದೆಯ ಮಾರ್ಕಿನ ಚಿಂತೆಯಲ್ಲೇ ನಿದ್ದೆ ಬಿಡುವವರಿಗೆ 2017ರಲ್ಲಿ ಡಾಕ್ಟರುಗಳು ಆರ್ಥೋಸಾಮ್ನಿಯಾ ಅಂತ ಹೆಸರೇ ಇಟ್ಟಿದ್ದಾರೆ ಅಂದರು. ಹೆಸರು ಕೇಳಿ ಪ್ರಶಾಂತನಿಗೆ ಸ್ವಲ್ಪ ಸಮಾಧಾನವಾದ ಹಾಗೆ ಕಂಡಿತು.

"ನಮ್ಮ ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತಿನಲ್ಲಿ ಒಟ್ಟು 249 ಕೆಜಿ ಎತ್ತಿ ಬೆಳ್ಳಿ ತಂದ. 2022ರಲ್ಲಿ 269, ಕಂಚು. ತೂಕದ ವಿಭಾಗ ಬೇರೆ, ಆದರೂ ಲೆಕ್ಕ ನೋಡು. ನಾಲ್ಕು ವರ್ಷಕ್ಕೆ ಇಪ್ಪತ್ತು ಕೆಜಿ. ನೀನು ಎಂಟು ತಿಂಗಳಲ್ಲಿ ಎಷ್ಟು ಏರಿಸಿದೆ?"

"ನಲವತ್ತು."

"ಹಾಗಾದರೆ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೆ ಟಿಕೆಟು ಮಾಡು."

ಅಷ್ಟರಲ್ಲಿ ವಸಂತಣ್ಣ ಎರಡನೇ ಪ್ಲೇಟು ತಂದ. ಅವನು ಮೇಜಿನ ಹತ್ತಿರ ಬಂದು ಪ್ಲೇಟು ಇಡುವುದಕ್ಕೆ ಒಂದು ಕ್ರಮ ಉಂಟು. ಮೊದಲು ಎಡಗೈ ಮೇಜಿಗೆ, ಎಡಗಾಲು ಸ್ವಲ್ಪ ಹೊರಗೆ, ಮಂಡಿ ಮಡಿಸದೆ ಸೊಂಟದಿಂದಲೇ ಬಾಗುವುದು. ದಿನಾ ನೋಡುತ್ತೇವೆ. ಆವತ್ತು ಪ್ರಶಾಂತನ ಕೈಯೂ ಅದೇ ಮೇಜಿನ ಮೇಲೆ ಅದೇ ಥರ ಇದ್ದದ್ದರಿಂದ ಕಣ್ಣಿಗೆ ಬಿತ್ತು.

"ನಿಮ್ಮದೂ ಲೆಗ್ ಡೇಯಾ ವಸಂತಣ್ಣ?" ಪ್ರಶಾಂತ ತಮಾಷೆ ಮಾಡಿದ.

ವಸಂತಣ್ಣ ನಕ್ಕ. ಉತ್ತರ ಹೇಳಿದ್ದು ಮಾಸ್ಟ್ರು.

"ಇವನ ಹಾಗೆ ರೈಡ್ ಮಾಡುವ ಹುಡುಗ ನನ್ನ ಕೈಕೆಳಗೆ ಮತ್ತೆ ಬರಲಿಲ್ಲ. ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ ಅಂದರೆ ಆಗ ಜನವರಿಯಲ್ಲಿ ಮೂರು ರಾತ್ರಿ ಮೂರು ಊರು. ಒಂದೊಂದು ಮುಗಿಯುವಾಗ ಕೋಳಿ ಕೂಗುವ ಹೊತ್ತು. ಟೆಂಪೋದಲ್ಲೇ ನಿದ್ದೆ. ಎರಡನೇ ರಾತ್ರಿ, ಸೆಮಿಫೈನಲು, ಬೋನಸ್ ಗೆರೆ ಮೆಟ್ಟಿ ತಿರುಗುವಾಗ ಇವನ ಮೊಣಗಂಟು ಟಕ್ ಅಂತು. ಹೊರಗೆ ಕೂತ ನನಗೆ ಕೇಳಿತು. ಸ್ಪ್ರೇ ಹೊಡೆದೆ, ಪಟ್ಟಿ ಕಟ್ಟಿದೆ. ಮೂರನೇ ರಾತ್ರಿಯೂ ಆಡಿಸಿದೆ."

ಯಾರೂ ಮಾತಾಡಲಿಲ್ಲ.

"ಗೆದ್ದೆವು," ಅಂದರು ಮಾಸ್ಟ್ರು. "ಆ ಕಪ್ಪೇ ಅದು. ನೀವು ಸೋಂಪು ತಿನ್ನುತ್ತಾ ಇದ್ದೀರಲ್ಲ, ಕಾಮತ್ರೆ."

ಕಾಮತ್ರು ಅಗಿಯುವುದನ್ನು ನಿಲ್ಲಿಸಿದರು.

"ಬಿಡಿ ಮಾಸ್ಟ್ರೆ, ಎಷ್ಟು ಸಲ ಹೇಳ್ತೀರಿ," ಅಂದ ವಸಂತಣ್ಣ, ಮೇಜು ಒರೆಸುತ್ತಾ. "ನೀವು ಬೇಡ ಅಂದಿದ್ದರೂ ನಾನು ಆಡ್ತಿದ್ದೆ."

"ಆಡ್ತಿದ್ದೆ, ಗೊತ್ತುಂಟು. ಆದರೆ ಬೇಡ ಅನ್ನಲಿಕ್ಕೆ ದೊಡ್ಡವ ಅಂತ ಅಲ್ಲಿ ಇದ್ದದ್ದು ನಾನೊಬ್ಬನೇ."

ಪ್ರಶಾಂತ ವಾಚಿನ ಕೈಯನ್ನು ಮೆಲ್ಲ ಮೇಜಿನ ಕೆಳಗೆ ಇಳಿಸಿದ. ವಸಂತಣ್ಣ ಒರೆಸಿದ ಜಾಗವನ್ನೇ ಇನ್ನೊಮ್ಮೆ ಒರೆಸಿದ. ಒಳಗೆ ಬಾಣಲೆಯಲ್ಲಿ ಮುಂದಿನ ಸುತ್ತಿನ ಬಜೆ ಬಿಟ್ಟ ಸದ್ದು.

ಆಗ ಫೋನಿಗೆ ಮೆಸೇಜು ಬಂತು. ಪ್ರಶಾಂತ ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ನಮಗೂ ಓದಿ ಹೇಳಿದ. ಆ ಹೊತ್ತಿಗೆ ಅದನ್ನು ಓದಿದ್ದು ಅವನ ದೊಡ್ಡತನ ಅಂತ ನನ್ನ ಲೆಕ್ಕ.

"ಸಿಲಿಂಡರ್ ನಾನೇ ಮೇಲೆ ತಂದೆ. ಬರುವಾಗ ಒಂದು ಕಟ್ಟು ಕೊತ್ತಂಬರಿ ಸೊಪ್ಪು ತನ್ನಿ. ರಿಕವರಿಗೆ ತೊಂದರೆ ಆಗುವುದಾದರೆ ಅರ್ಧ ಕಟ್ಟು ಸಾಕು."

ಮೊದಲು ನಕ್ಕದ್ದು ವಸಂತಣ್ಣ. ಆಮೇಲೆ ಪ್ರಶಾಂತ ಏಳಲು ಹೊರಟ. ಮೇಜು ಹಿಡಿದ, ಆಗಲಿಲ್ಲ. ವಸಂತಣ್ಣ ಕೈ ಕೊಟ್ಟ. ಎಳೆಯುವಾಗ ಅವನ ಮೊಣಗಂಟೂ ಜಗ್ಗಿತು, ಇವನ ತೊಡೆಯೂ ಜಗ್ಗಿತು, ಇಬ್ಬರೂ ಅರ್ಧ ಎದ್ದು ಅರ್ಧ ಬಾಗಿ, ಯಾರು ಯಾರನ್ನು ಎತ್ತುತ್ತಿದ್ದಾರೆ ಅಂತ ಹೇಳಲಿಕ್ಕಾಗದ ಹಾಗೆ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತರು.

"ರೈಟ್, ಪೋಯಿ," ಅಂದರು ಮಾಸ್ಟ್ರು, ಮೇಜಿಗೆ ಎರಡು ಸಲ ತಟ್ಟಿ.