ಸಂಸದರ ಒಂದು ವಾರ: ದೇಶದ ಭದ್ರತೆಯ ಮೇಲಿನ ನಿಗಾ ಅದರಲ್ಲಿ ಎಲ್ಲಿ ಬರುತ್ತದೆ?

ಪ್ರಶ್ನೆ: ಕಾಳಿತೀರ

ನಮ್ಮದು ಕಾರವಾರ ತಾಲ್ಲೂಕು. ಸೀಬರ್ಡ್ ನೌಕಾನೆಲೆಗೆ ಜಮೀನು ಬಿಟ್ಟುಕೊಟ್ಟ ಕುಟುಂಬಗಳಲ್ಲಿ ನಮ್ಮದೂ ಒಂದು. ಅಧಿವೇಶನದ ದಿನಗಳಲ್ಲಿ ಬೇರೆ ಬೇರೆ ಸಂಸದರು ಹಂಚಿಕೊಳ್ಳುವ ವಾರದ ಕಾರ್ಯಕ್ರಮ ಪಟ್ಟಿಗಳನ್ನು ನೋಡುತ್ತಿರುತ್ತೇನೆ. ಎಲ್ಲವೂ ಹೆಚ್ಚುಕಡಿಮೆ ಒಂದೇ ತರಹ: ಸೋಮವಾರದಿಂದ ಶುಕ್ರವಾರದವರೆಗೆ ಸದನದ ಕಲಾಪ, ನಡುವೆ ಎಲ್ಲೋ ಒಂದು ಸಮಿತಿ ಸಭೆ, ಶನಿವಾರ ಮತ್ತು ಭಾನುವಾರ ಕ್ಷೇತ್ರದಲ್ಲಿ ಗುದ್ದಲಿ ಪೂಜೆ, ಮದುವೆ, ಅಹವಾಲು ಸ್ವೀಕಾರ. ಗುದ್ದಲಿ ಪೂಜೆಯ ಫೋಟೋ ಎಲ್ಲರಿಗೂ ಸಿಗುತ್ತದೆ. ಸಮಿತಿ ಸಭೆಯಲ್ಲಿ ಏನು ನಡೆಯಿತೆಂಬುದು ಯಾರಿಗೂ ಸಿಗುವುದಿಲ್ಲ. ಸೇನೆಯ ಖರ್ಚು, ಗಡಿಯ ಸ್ಥಿತಿ, ಗುಪ್ತಚರ ಸಂಸ್ಥೆಗಳ ಕೆಲಸ ಇಂಥ ವಿಷಯಗಳಲ್ಲಿ ಮಂತ್ರಿಯಲ್ಲದ ಸಾಮಾನ್ಯ ಸಂಸದರೊಬ್ಬರು ಸರ್ಕಾರವನ್ನು ನಿಜವಾಗಿಯೂ ಪ್ರಶ್ನಿಸಬಲ್ಲರೇ, ಅಥವಾ ಅದು ಪಟ್ಟಿಯಲ್ಲಿ ಮಾತ್ರ ಇರುವ ಕೆಲಸವೇ ಎಂಬುದನ್ನು ಬಲ್ಲವರು ವಿವರಿಸಬೇಕಾಗಿ ವಿನಂತಿ.

ಉತ್ತರ: ಹಳೆಯ ಕಡತ

ಕಾಳಿತೀರ ಅವರೇ, ಪ್ರಶ್ನಿಸಬಲ್ಲರು, ಆದರೆ ಪ್ರಶ್ನಿಸುವ ಜಾಗ ತಾವು ಟಿ.ವಿ.ಯಲ್ಲಿ ಕಾಣುವ ಸದನವಲ್ಲ. ಲೋಕಸಭೆಯಲ್ಲಿ ಬೆಳಿಗ್ಗೆ 11ಕ್ಕೆ ಪ್ರಶ್ನೋತ್ತರ ವೇಳೆ ಶುರುವಾಗುತ್ತದೆ. ಮೌಖಿಕ ಉತ್ತರ ಬಯಸುವ ಚುಕ್ಕೆ ಗುರುತಿನ ಪ್ರಶ್ನೆಗಳು ದಿನಕ್ಕೆ 20 ಇದ್ದರೂ ಮಧ್ಯಾಹ್ನ 12ರೊಳಗೆ ಮೌಖಿಕ ಉತ್ತರ ಸಿಗುವುದು ಬೆರಳೆಣಿಕೆಯಷ್ಟಕ್ಕೆ; ಉಳಿದವಕ್ಕೂ, 230ರವರೆಗಿನ ಚುಕ್ಕೆ ರಹಿತ ಪ್ರಶ್ನೆಗಳಿಗೂ ಲಿಖಿತ ಉತ್ತರವನ್ನು ಮಂಡಿಸುತ್ತಾರೆ. ಶಾಸನ ರಚನೆಯ ಮಾತು ಬೇಗ ಮುಗಿಯುತ್ತದೆ. ಕಾಯ್ದೆಯಾಗುವ ಮಸೂದೆಗಳೆಲ್ಲ ಸರ್ಕಾರದಿಂದಲೇ ಬರುತ್ತವೆ, ಮತದಾನದಲ್ಲಿ ವಿಪ್ (ಪಕ್ಷದ ಆದೇಶ) ಮೀರಿದರೆ 1985ರ ಪಕ್ಷಾಂತರ ನಿಷೇಧ ಕಾನೂನಿನಡಿ ಸದಸ್ಯತ್ವಕ್ಕೇ ಕುತ್ತು. ಶುಕ್ರವಾರದ ಕೊನೆಯ ಎರಡೂವರೆ ಗಂಟೆ ಖಾಸಗಿ ಸದಸ್ಯರಿಗೆ, ಎಂದರೆ ಮಂತ್ರಿಗಳಲ್ಲದ ಸಂಸದರಿಗೆ, ಮೀಸಲಾಗಿದೆ ನಿಜ, ಆದರೆ 1970ರ ನಂತರ ಒಂದೇ ಒಂದು ಖಾಸಗಿ ಮಸೂದೆಯೂ ಕಾಯ್ದೆಯಾಗಿಲ್ಲ. ಆ ಹೊತ್ತಿಗೆ ಬಹಳಷ್ಟು ಸಂಸದರು ಊರಿನ ವಿಮಾನ ಹಿಡಿದಿರುತ್ತಾರೆ. ಅದನ್ನು ನಾನು ತಪ್ಪೆಂದೂ ಹೇಳಲಾರೆ.

ಭದ್ರತೆಯ ಮೇಲಿನ ನಿಗಾ ನಡೆಯುವುದು ತಾವು ಹೇಳಿದ ಆ ‘ಸಮಿತಿ ಸಭೆ’ಯಲ್ಲೇ. ಇಲಾಖಾವಾರು ಸ್ಥಾಯಿ ಸಮಿತಿಗಳ ವ್ಯವಸ್ಥೆ 1993ರಲ್ಲಿ ಬಂತು. ಈಗ ಅಂಥ 24 ಸಮಿತಿಗಳಿವೆ. ಒಂದೊಂದರಲ್ಲೂ ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರು. ಮಂತ್ರಿಗಳಿಗೆ ಸದಸ್ಯತ್ವವಿಲ್ಲ, ಕ್ಯಾಮೆರಾ ಇಲ್ಲ, ವಿಪ್ ಇಲ್ಲ. ಅವುಗಳಲ್ಲೊಂದಾದ ರಕ್ಷಣಾ ಸಮಿತಿಯ ಮುಂದೆ ಸಚಿವಾಲಯದ ಕಾರ್ಯದರ್ಶಿಗಳೂ ಸೇನೆಯ ಹಿರಿಯ ಅಧಿಕಾರಿಗಳೂ ಬಂದು ಸಾಕ್ಷ್ಯ ಹೇಳುತ್ತಾರೆ. ಬಜೆಟ್ ಅಧಿವೇಶನದ ಬಿಡುವಿನ ವಾರಗಳಲ್ಲಿ ಅನುದಾನ ಬೇಡಿಕೆಗಳ (ಸಚಿವಾಲಯ ಸಂಸತ್ತಿನಿಂದ ಕೇಳುವ ಹಣದ) ಒಂದೊಂದು ಬಾಬತ್ತನ್ನೂ ಹಿಡಿದು ವಿಚಾರಿಸುವುದು ಅಲ್ಲಿಯೇ.

2018ರ ಉದಾಹರಣೆಯನ್ನು ನೋಡಿ. ಆಗ ಅಧ್ಯಕ್ಷರಾಗಿದ್ದವರು ಮೇಜರ್ ಜನರಲ್ ಬಿ.ಸಿ. ಖಂಡೂರಿ, ಸ್ವತಃ ಆಡಳಿತ ಪಕ್ಷದವರು. ಸೇನೆಯ ಉಪ ಮುಖ್ಯಸ್ಥರು ಸಮಿತಿಯ ಮುಂದೆ ತಮ್ಮ ಉಪಕರಣಗಳಲ್ಲಿ ಶೇ 68ರಷ್ಟು ಹಳೆಯ ಕಾಲದವು, ಅತ್ಯಾಧುನಿಕವಾದವು ಶೇ 8ರಷ್ಟು ಮಾತ್ರ ಎಂದರು. ಆಧುನೀಕರಣಕ್ಕೆ ಕೊಟ್ಟಿರುವುದು 21,338 ಕೋಟಿ ರೂಪಾಯಿ, ಆದರೆ ಈಗಾಗಲೇ ಒಪ್ಪಿಕೊಂಡಿರುವ ಪಾವತಿಗಳಿಗೇ 29,033 ಕೋಟಿ ಬೇಕು ಎಂಬ ಲೆಕ್ಕವನ್ನೂ ಇಟ್ಟರು. ಇಷ್ಟು ನೇರವಾದ ಮಾತನ್ನು ಯಾವ ಮಂತ್ರಿಯೂ ಸದನದಲ್ಲಿ ಆಡಿರಲಿಲ್ಲ. ಅದನ್ನು ಸಮಿತಿ ಮುಚ್ಚಿಡದೆ ತನ್ನ ವರದಿಯಲ್ಲಿ ಅಚ್ಚು ಹಾಕಿಸಿ ಮಾರ್ಚ್ 13ರಂದು ಸಂಸತ್ತಿಗೆ ಒಪ್ಪಿಸಿತು. ಮರುದಿನ, ಮಾರ್ಚ್ 14ರಂದು, ಗದ್ದಲದ ನಡುವೆ ಲೋಕಸಭೆ ಗಿಲೊಟಿನ್ (ಚರ್ಚೆ ನಿಲ್ಲಿಸಿ ಒಟ್ಟಿಗೆ ಮತಕ್ಕೆ ಹಾಕುವ ಕ್ರಮ) ಪ್ರಯೋಗಿಸಿ ರಕ್ಷಣೆಯದೂ ಸೇರಿ ಎಲ್ಲ ಸಚಿವಾಲಯಗಳ ಅನುದಾನ ಬೇಡಿಕೆಗಳನ್ನು ಚರ್ಚೆಯಿಲ್ಲದೆ ಅಂಗೀಕರಿಸಿತು. ವರದಿ ಓದಿಕೊಂಡು ಬಂದ ಸಂಸದರು ಯಾರಾದರೂ ಇದ್ದಿದ್ದರೆ, ಅವರಿಗೆ ಅದನ್ನು ಎತ್ತಿ ಆಡಲು ಜಾಗವೇ ಸಿಗಲಿಲ್ಲ. ಅದೇ ಸೆಪ್ಟೆಂಬರ್‌ನಲ್ಲಿ ಸಮಿತಿ ಪುನರ್‌ರಚನೆಯಾದಾಗ ಅಧ್ಯಕ್ಷಗಿರಿ ಬೇರೆಯವರಿಗೆ ಹೋಯಿತು.

ಆದ್ದರಿಂದ ನನ್ನ ಅಭಿಪ್ರಾಯ ಹೀಗಿದೆ: ಪ್ರಶ್ನೆ ಕೇಳುವ ಅವಕಾಶಕ್ಕೆ ನಮ್ಮಲ್ಲಿ ಕೊರತೆಯಿಲ್ಲ, ಕೊರತೆಯಿರುವುದು ಸಮಿತಿಯ ಕೋಣೆಯಿಂದ ಸದನಕ್ಕೆ ಇರಬೇಕಾದ ದಾರಿಯಲ್ಲಿ. ಶಿಫಾರಸನ್ನು ಒಪ್ಪಲೇಬೇಕೆಂಬ ಕಟ್ಟುಪಾಡು ಸರ್ಕಾರಕ್ಕಿಲ್ಲ, ಸಮಿತಿಯ ಅವಧಿಯೂ ಒಂದೇ ವರ್ಷ. ತೋಪು, ಕ್ಷಿಪಣಿಗಳ ವಿಷಯ ತಿಳಿದುಕೊಳ್ಳುವಷ್ಟರಲ್ಲಿ ಸದಸ್ಯರು ಬೇರೆ ಸಮಿತಿಗೆ ಹೋಗಿರುತ್ತಾರೆ.

ಗುಪ್ತಚರ ಸಂಸ್ಥೆಗಳ ವಿಷಯದಲ್ಲಿ ಈ ಮಟ್ಟದ ನಿಗಾ ಕೂಡ ಇಲ್ಲ. ದೇಶದೊಳಗಿನ ಗುಪ್ತಚರ ಕೆಲಸದ ಐಬಿಯಾಗಲಿ, ಹೊರದೇಶಗಳ ಗುಪ್ತಚರ ಕೆಲಸಕ್ಕೆ 1968ರಲ್ಲಿ ಹುಟ್ಟಿದ ‘ರಾ’ ಆಗಲಿ ಸಂಸತ್ತಿನ ಕಾಯ್ದೆಯಿಂದ ರೂಪುಗೊಂಡ ಸಂಸ್ಥೆಗಳಲ್ಲ. ಅವುಗಳ ಮೇಲೆ ನಿಗಾ ಇಡುವುದಕ್ಕೆಂದೇ ಒಂದು ಸಂಸದೀಯ ಸಮಿತಿ ನಮ್ಮಲ್ಲಿಲ್ಲ. ಸಂಸದ ಮನೀಶ್ ತಿವಾರಿ ಅವರು 2011ರಲ್ಲಿ ಇದಕ್ಕಾಗಿ ಖಾಸಗಿ ಮಸೂದೆ ತಂದರು. ಅದರ ಗತಿಯೂ ಉಳಿದ ಖಾಸಗಿ ಮಸೂದೆಗಳ ಗತಿಯೇ ಆಯಿತು.

ಉತ್ತರ: ಬೆಳಗಾವಿಯವ, ಈಗ ಮಿಷಿಗನ್

ಹಳೆಯ ಕಡತ ಅವರ ಮಾತಿಗೆ ಇಲ್ಲಿನ ಒಂದು ಹೋಲಿಕೆಯನ್ನು ಸೇರಿಸುತ್ತೇನೆ. ಅಮೆರಿಕದಲ್ಲಿ ಗುಪ್ತಚರ ಸಂಸ್ಥೆಗಳ ಅತಿರೇಕಗಳನ್ನು ಸೆನೆಟರ್ ಫ್ರ್ಯಾಂಕ್ ಚರ್ಚ್ ಅವರ ಸಮಿತಿ 1975ರಲ್ಲಿ ಬಯಲಿಗೆಳೆದ ಮೇಲೆ, 1976ರಲ್ಲಿ ಸೆನೆಟ್, 1977ರಲ್ಲಿ ಕೆಳಮನೆ ತಮ್ಮದೇ ಗುಪ್ತಚರ ಸಮಿತಿಗಳನ್ನು ಮಾಡಿಕೊಂಡವು. ಅವುಗಳ ಸದಸ್ಯರು ಮೊಬೈಲನ್ನು ಹೊರಗಿಟ್ಟು, ಭದ್ರಪಡಿಸಿದ ಕೋಣೆಯಲ್ಲಿ ಕೂತು ರಹಸ್ಯ ಕಡತಗಳನ್ನು ಓದುತ್ತಾರೆ. ಓದಿದ್ದನ್ನು ಹೊರಗೆ ಹೇಳುವಂತಿಲ್ಲ. ಹಾಗಾಗಿ ಇಲ್ಲಿಯ ಮತದಾರನಿಗೂ ತನ್ನ ಪ್ರತಿನಿಧಿ ಆ ಕೋಣೆಯಲ್ಲಿ ಏನು ಕೇಳಿದರೆಂಬುದು ತಿಳಿಯುವುದಿಲ್ಲ. ಆದರೆ ಕೇಳುವ ಅಧಿಕಾರಕ್ಕೆ ಕಾನೂನಿನ ಬೆಂಬಲವಿದೆ, ಹಣದ ಮೇಲೆ ಹಿಡಿತವೂ ಇದೆ.

ನಮ್ಮ ಕಡೆಯವರಿಗೆ ಹತ್ತಿರದ ಉದಾಹರಣೆಯೆಂದರೆ ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್. ಅವರು 2023ರ ಜನವರಿಯಿಂದ ಮಿಷಿಗನ್‌ನ 13ನೇ ಕ್ಷೇತ್ರದ ಪ್ರತಿನಿಧಿಯಾಗಿ, ಕೆಳಮನೆಯ ಆಂತರಿಕ ಭದ್ರತಾ ಸಮಿತಿಯಲ್ಲಿ ಕೆಲಸ ಮಾಡಿದವರು. ಅಹವಾಲಿನ ಕ್ರಮ ಮಾತ್ರ ಇಲ್ಲಿ ಬೇರೆ. ಪಾಸ್‌ಪೋರ್ಟ್, ವೀಸಾ, ಮಾಜಿ ಸೈನಿಕರ ಸವಲತ್ತುಗಳ ತೊಡಕಿದ್ದವರು ಪ್ರತಿನಿಧಿಯ ಕ್ಷೇತ್ರ ಕಚೇರಿಗೆ ಹೋದರೆ ಮೊದಲು ಒಂದು ಒಪ್ಪಿಗೆ ನಮೂನೆಗೆ ಸಹಿ ಹಾಕಬೇಕು. ಆ ಸಹಿ ಇಲ್ಲದಿದ್ದರೆ 1974ರ ಖಾಸಗಿತನ ಕಾಯ್ದೆಯ ಕಾರಣಕ್ಕೆ ಸರ್ಕಾರಿ ಇಲಾಖೆ ನಮ್ಮ ಕಡತದ ಮಾಹಿತಿಯನ್ನು ಅವರಿಗೆ ಕೊಡುವುದಿಲ್ಲ. ಮುಂದಿನ ಪತ್ರವ್ಯವಹಾರವನ್ನು ಅದಕ್ಕೆಂದೇ ಇರುವ ಸಿಬ್ಬಂದಿ ನೋಡಿಕೊಳ್ಳುತ್ತಾರೆ.

ಕಾಳಿತೀರ

ಇಬ್ಬರಿಗೂ ಧನ್ಯವಾದಗಳು. ನಮ್ಮ ವಿಷಯದಲ್ಲಿ ಅಹವಾಲೂ ಭದ್ರತೆಯೂ ಒಂದೇ ಆಗಿವೆ. 1986ರಲ್ಲಿ ಶಂಕುಸ್ಥಾಪನೆಯಾದ ಯೋಜನೆಗೆ ಭೂಮಿ ಕೊಟ್ಟವರ ಹೆಚ್ಚುವರಿ ಪರಿಹಾರದ ಹಣ ಬರಬೇಕಾದುದು ರಕ್ಷಣಾ ಸಚಿವಾಲಯದಿಂದ. ಪ್ರವಾಸಿ ಮಂದಿರದಲ್ಲಿ ಮನವಿ ಕೊಡುವುದು ಸಂಸದರಿಗೆ. ಆ ಮನವಿ ದೆಹಲಿಯ ಪ್ರಶ್ನೆಯಾಗಬೇಕಾದರೆ ಏನು ಮಾಡಬೇಕು?

ಉತ್ತರ: ಟಪ್ಪಾಲು

ನಾನು ಬೇರೊಂದು ಜಿಲ್ಲೆಯ ಸಂಸದರ ಕಚೇರಿಯಲ್ಲಿ ಹಲವು ವರ್ಷ ಟಪ್ಪಾಲು ನೋಡಿಕೊಂಡವನು. ಭಾನುವಾರ ಬೆಳಿಗ್ಗೆ ಪ್ರವಾಸಿ ಮಂದಿರದ ಜಗಲಿಯ ಮೇಲೆ ಜನ ಸೇರುತ್ತಾರೆ. ಸಂಸದರು ಮನವಿಯ ಮೊದಲ ಸಾಲನ್ನಷ್ಟೇ ಓದಿ, ಮೂಲೆಯಲ್ಲಿ ‘ಪರಿಶೀಲಿಸಿ’ ಎಂದು ಬರೆದು ಆಪ್ತ ಸಹಾಯಕರ ಕೈಗಿಡುತ್ತಾರೆ. ಸಂಜೆ ನಾವು ಅವುಗಳನ್ನು ವಿಂಗಡಿಸುತ್ತಿದ್ದೆವು. ಅರ್ಧಕ್ಕಿಂತ ಹೆಚ್ಚಿನವು ಪಿಂಚಣಿ, ರಸ್ತೆ, ವರ್ಗಾವಣೆ ಇತ್ಯಾದಿ, ಎಂದರೆ ತಹಶೀಲ್ದಾರರಿಗೋ ಶಾಸಕರಿಗೋ ಸೇರಿದವು. ಚಿಕಿತ್ಸೆಗಾಗಿ ಪ್ರಧಾನಮಂತ್ರಿ ಪರಿಹಾರ ನಿಧಿಗೆ ಶಿಫಾರಸು ಪತ್ರ ಕೇಳುವವರು ಒಂದಷ್ಟು. ಕೇಂದ್ರೀಯ ವಿದ್ಯಾಲಯದ ಸೀಟು ಕೇಳಿ ಬರುತ್ತಿದ್ದ ರಾಶಿ 2022ರಲ್ಲಿ ಸಂಸದರ ಕೋಟಾ ರದ್ದಾದ ಮೇಲೆ ನಿಂತಿತು. ಬೈಗುಳವೂ ಅದರ ಜೊತೆ ಕಡಿಮೆಯಾಯಿತು ಎನ್ನಬೇಕು. ಲೋಕಸಭೆಯ ಪ್ರಶ್ನೆಯಾಗಬಲ್ಲ ಕಾಗದ ಒಂದು ಕಟ್ಟಿನಲ್ಲಿ ಒಂದೋ ಎರಡೋ ಇರುತ್ತಿತ್ತು, ಅದೂ ಹತ್ತು ಪುಟಗಳ ದೂರಿನೊಳಗೆ ಹೂತಿರುತ್ತಿತ್ತು.

ಆದ್ದರಿಂದ ತಾವು ಮನವಿಯ ಜೊತೆಗೆ ಪ್ರಶ್ನೆಯ ಕರಡನ್ನೂ ಕೊಡಿ. ಲೋಕಸಭೆಯ ನಿಯಮದಂತೆ ಪ್ರಶ್ನೆ ಸಾಮಾನ್ಯವಾಗಿ 150 ಪದ ಮೀರಬಾರದು, ವಾದ ಮತ್ತು ಆರೋಪ ಇರಬಾರದು, ನ್ಯಾಯಾಲಯದಲ್ಲಿ ಇತ್ಯರ್ಥವಾಗದ ವಿಷಯವನ್ನು ಕೆದಕಬಾರದು, ಸ್ವಭಾವತಃ ರಹಸ್ಯವಾದ ಮಾಹಿತಿಯನ್ನು ಕೇಳಬಾರದು. ‘ನೆಲೆಯ ಎರಡನೇ ಹಂತದಲ್ಲಿ ಏನೇನು ಕಟ್ಟುತ್ತಿದ್ದೀರಿ’ ಎಂದು ಸೇರಿಸಿದರೆ ಇಡೀ ಪ್ರಶ್ನೆಗೆ ಭದ್ರತೆಯ ನೆಪದ ಒಂದು ಸಾಲಿನ ಉತ್ತರ ಬರುವ ಸಾಧ್ಯತೆಯಿದೆ. ಬದಲಿಗೆ, ಅಂತಿಮ ತೀರ್ಪಾಗಿ ಪಾವತಿ ಬಾಕಿಯಿರುವ ಪ್ರಕರಣಗಳೆಷ್ಟು, ಅದಕ್ಕೆ ಬೇಕಾದ ಮೊತ್ತವೆಷ್ಟು, ಕಳೆದ ಮೂರು ವರ್ಷಗಳಲ್ಲಿ ವರ್ಷವಾರು ಬಿಡುಗಡೆಯಾದುದೆಷ್ಟು, ಉಳಿದುದಕ್ಕೆ ಗಡುವೇನು ಎಂದಷ್ಟೇ ಕೇಳಿ. ಇವುಗಳಲ್ಲಿ ಯಾವುದೂ ರಹಸ್ಯವಲ್ಲ, ಆದ್ದರಿಂದ ಸಚಿವಾಲಯ ಅಂಕಿ ಕೊಡಲೇಬೇಕಾಗುತ್ತದೆ.

ಚುಕ್ಕೆ ಗುರುತಿನ ಪ್ರಶ್ನೆಗಾಗಿ ಹಟ ಹಿಡಿಯಬೇಡಿ. ಚೀಟಿ ಎತ್ತುವಾಗ ಮೊದಲ ಇಪ್ಪತ್ತರಲ್ಲಿ ಬರುವುದು ಅದೃಷ್ಟ, ಬಂದರೂ ಸದನ ನಡೆಯಬೇಕು. ಚುಕ್ಕೆ ರಹಿತ ಪ್ರಶ್ನೆಯ ಲಿಖಿತ ಉತ್ತರ ಗದ್ದಲವಾದ ದಿನವೂ ದಾಖಲೆಗೆ ಸೇರುತ್ತದೆ. ಒಬ್ಬ ಸದಸ್ಯರು ದಿನವೊಂದಕ್ಕೆ ಐದು ನೋಟಿಸ್ ಮಾತ್ರ ಕೊಡಬಹುದು, ಅದನ್ನೂ 15 ಪೂರ್ಣ ದಿನ ಮೊದಲು. ಹೀಗಾಗಿ ಅಧಿವೇಶನದ ದಿನಾಂಕ ಪ್ರಕಟವಾದ ವಾರದಲ್ಲೇ ಕರಡು ದೆಹಲಿಯ ಆಪ್ತ ಸಹಾಯಕರ ಕೈಯಲ್ಲಿರಬೇಕು. ಕ್ಷೇತ್ರ ಕಚೇರಿಗೆ ಕೊಟ್ಟು ಕಾಯುತ್ತ ಕೂತರೆ ತಡವಾಗುತ್ತದೆ. ಅದನ್ನೇ ರಕ್ಷಣಾ ಸಮಿತಿಯಲ್ಲಿರುವ ಬೇರೆ ಸದಸ್ಯರಿಗೂ ಒಂದು ಪ್ರತಿ ಕಳುಹಿಸಿ, ಅವರು ಯಾವ ರಾಜ್ಯದವರಾದರೂ ಸರಿ. ಅನುದಾನ ಬೇಡಿಕೆಗಳ ಪರಿಶೀಲನೆಯ ಹೊತ್ತಿಗೆ ಭೂಸ್ವಾಧೀನದ ಬಾಕಿಯ ಅಂಕಿಯನ್ನು ಕೈಯಲ್ಲಿ ಹಿಡಿದು ಕೇಳುವ ಸದಸ್ಯರು ಒಬ್ಬರಿದ್ದರೂ ಕಾರ್ಯದರ್ಶಿಗಳು ಲಿಖಿತ ವಿವರಣೆ ಒದಗಿಸುತ್ತಾರೆ.